ಓದುಗರ ಪ್ರಶ್ನೆ: ವಿರೋಧಿಗಳ ಕಡತಗಳಿಂದ ಎದ್ದು ಬಂದ ಚರಿತ್ರೆ

ಹಿಂದಿನ ಸಂಚಿಕೆಯಲ್ಲಿ ಹದಿನಾರನೆಯ ಶತಮಾನದ ಅನಾಬ್ಯಾಪ್ಟಿಸ್ಟ್ ಚಳವಳಿಯ ಕುರಿತು ಬರೆಯುವಾಗ, ಆ ಚಳವಳಿಯ ಇತಿಹಾಸವನ್ನು ಹೊಸ ನೆಲೆಯ ಮೇಲೆ ನಿಲ್ಲಿಸಿದ ಅಮೆರಿಕದ ಇತಿಹಾಸಕಾರ ಹೆರಾಲ್ಡ್ ಬೆಂಡರ್ ಅವರ ಹೆಸರನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ವಾಕ್ಯವನ್ನೇ ಹಿಡಿದು ಪ್ರಶ್ನೆ ಕೇಳಿವೆ. ಆದ್ದರಿಂದ ಈ ಬಾರಿಯ ಅಂಕಣವನ್ನು ಬೆಂಡರ್ ಅವರಿಗೂ ಅವರ ನಂತರ ಬಂದವರಿಗೂ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಹಿಂದಿನ ಲೇಖನವನ್ನು ಓದದ ನನ್ನಂಥವರಿಗಾಗಿ, ಅನಾಬ್ಯಾಪ್ಟಿಸ್ಟರು ಯಾರೆಂಬುದನ್ನು ಮೊದಲು ಚಿಕ್ಕದಾಗಿ ಹೇಳುವಿರಾ?

ಉತ್ತರ: 1525ರ ಜನವರಿ 21ರ ಸಂಜೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಒಂದು ಮನೆಯಲ್ಲಿ ಕೆಲವರು ಸೇರಿದ್ದರು. ಅಲ್ಲಿ ಕಾನ್ರಾಡ್ ಗ್ರೇಬೆಲ್ ಎಂಬ ಯುವಕನು ಜಾರ್ಜ್ ಬ್ಲೌರಾಕ್ ಎಂಬ ಪಾದ್ರಿಗೆ ದೀಕ್ಷಾಸ್ನಾನ ಮಾಡಿಸಿದನು. ಬ್ಲೌರಾಕ್ ಉಳಿದವರಿಗೆ ಮಾಡಿಸಿದನು. ಅವರೆಲ್ಲರೂ ಹಸುಗೂಸುಗಳಾಗಿದ್ದಾಗಲೇ ದೀಕ್ಷಾಸ್ನಾನ ಪಡೆದಿದ್ದವರು. ನಂಬಿಕೆ ಏನೆಂದು ತಿಳಿಯದ ಶಿಶುವಿಗೆ ಮಾಡಿಸಿದ ಸ್ನಾನ ದೀಕ್ಷೆಯೇ ಅಲ್ಲ, ತಿಳಿದು ಒಪ್ಪಿದವನು ಪಡೆಯುವುದೇ ದೀಕ್ಷೆ ಎಂಬುದು ಅವರ ವಾದ. ವಿರೋಧಿಗಳು ಇವರನ್ನು 'ಮತ್ತೆ ಸ್ನಾನ ಮಾಡಿಸುವವರು' ಎಂದು ಕರೆದರು, ಅನಾಬ್ಯಾಪ್ಟಿಸ್ಟ್ ಎಂಬ ಪದದ ಅರ್ಥ ಅದೇ. ಆ ಹೆಸರಿನಲ್ಲಿ ಬೈಗುಳಕ್ಕಿಂತ ದೊಡ್ಡ ಅಪಾಯವಿತ್ತು. ಎರಡನೆಯ ಬಾರಿ ದೀಕ್ಷಾಸ್ನಾನ ಮಾಡಿಸುವುದಕ್ಕೆ ರೋಮನ್ ಚಕ್ರವರ್ತಿ ಜಸ್ಟಿನಿಯನ್ನನ ಹಳೆಯ ಕಾನೂನು ಸಂಹಿತೆಯಲ್ಲಿ ಮರಣದಂಡನೆ ವಿಧಿಸಲಾಗಿತ್ತು, ಮತ್ತು 1529ರಲ್ಲಿ ಸ್ಪೆಯರ್ ನಗರದಲ್ಲಿ ಸೇರಿದ ಸಾಮ್ರಾಜ್ಯದ ಸಭೆ ಇವರೆಲ್ಲರ ಮೇಲೆ ಅದೇ ದಂಡನೆಯನ್ನು ಪ್ರಯೋಗಿಸಲು ಆಜ್ಞೆ ಹೊರಡಿಸಿತು. ಕ್ಯಾಥೊಲಿಕರೂ ಲೂಥರನ್ ಅನುಯಾಯಿಗಳೂ ಎಷ್ಟೋ ವಿಷಯಗಳಲ್ಲಿ ಜಗಳವಾಡುತ್ತಿದ್ದ ಆ ಸಭೆಯಲ್ಲಿ ಇಬ್ಬರೂ ಒಮ್ಮತದಿಂದ ಒಪ್ಪಿದ ಸಂಗತಿಗಳಲ್ಲಿ ಇದೂ ಒಂದು. ಇಂದಿನ ಮೆನ್ನೊನೈಟ್, ಆಮಿಶ್ ಮತ್ತು ಹಟರೈಟ್ ಪಂಗಡಗಳು ಈ ಚಳವಳಿಯಿಂದ ಬಂದವು.

ಪ್ರಶ್ನೆ: ಹೆರಾಲ್ಡ್ ಬೆಂಡರ್ ಅವರ ವೃತ್ತಿಜೀವನವನ್ನು ಸ್ವಲ್ಪ ವಿವರವಾಗಿ ತಿಳಿಸಿ. ಒಬ್ಬ ಇತಿಹಾಸಕಾರನನ್ನು ಒಂದು ಇಡೀ ಅಧ್ಯಯನ ಕ್ಷೇತ್ರದ ಸ್ಥಾಪಕ ಎನ್ನುವುದು ಉತ್ಪ್ರೇಕ್ಷೆಯಲ್ಲವೇ?

ಉತ್ತರ: ಸ್ಥಾಪಕ ಎಂಬ ಪದವನ್ನು ನಾನು ಎಚ್ಚರದಿಂದಲೇ ಬಳಸುತ್ತೇನೆ. ಬೆಂಡರ್‌ಗಿಂತ ಮೊದಲು ಜರ್ಮನಿಯಲ್ಲಿ ಕಾರ್ಲ್ ಅಡಾಲ್ಫ್ ಕಾರ್ನೇಲಿಯಸ್ ಅವರಂಥ ವಿದ್ವಾಂಸರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮೂಲ ದಾಖಲೆಗಳನ್ನು ಪ್ರಕಟಿಸಿದ್ದರು. ಬೆಂಡರ್ ಅವರ ಮಾವ ಜಾನ್ ಹಾರ್ಷ್ ಕೂಡ ಇತಿಹಾಸಕಾರರೇ. 1867ರಲ್ಲಿ ಬವೇರಿಯಾದಲ್ಲಿ ಹುಟ್ಟಿದ ಅವರು ಸೈನಿಕ ಸೇವೆಯನ್ನು ಒಪ್ಪದೆ ಅಮೆರಿಕಕ್ಕೆ ಬಂದು, ಪುಸ್ತಕಗಳನ್ನು ಒಂದೊಂದಾಗಿ ಹುಡುಕಿ ಕೂಡಿಸಿ ಬರೆದವರು. ಆದರೆ ಗ್ರಂಥಾಲಯ, ಪತ್ರಿಕೆ, ವಿಶ್ವಕೋಶ, ಶಿಷ್ಯವರ್ಗ, ಪ್ರಕಟಣಮಾಲೆ ಇವೆಲ್ಲವನ್ನೂ ಒಂದೇ ಜೀವಿತಕಾಲದಲ್ಲಿ ಕಟ್ಟಿ, ಚದುರಿಹೋಗಿದ್ದ ಆಸಕ್ತಿಯನ್ನು ಒಂದು ಕ್ಷೇತ್ರವನ್ನಾಗಿ ಮಾಡಿದವರು ಬೆಂಡರ್.

ಅವರು ಹುಟ್ಟಿದ್ದು 1897ರ ಜುಲೈ 19ರಂದು, ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಎಂಬ ಊರಿನ ಮೆನ್ನೊನೈಟ್ ಕುಟುಂಬದಲ್ಲಿ. ಹತ್ತಿರದ ಗೋಶೆನ್ ಕಾಲೇಜಿನಲ್ಲಿ 1918ರಲ್ಲಿ ಪದವಿ ಪಡೆದು, ಗ್ಯಾರೆಟ್ ಮತ್ತು ಪ್ರಿನ್ಸ್‌ಟನ್‌ನಲ್ಲಿ ದೇವಶಾಸ್ತ್ರ ಓದಿ, 1923ರಲ್ಲಿ ಎಲಿಜಬೆತ್ ಹಾರ್ಷ್ ಅವರನ್ನು ಮದುವೆಯಾಗಿ, ಒಂದು ವರ್ಷ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಅಧ್ಯಯನ ಮಾಡಿದರು. ಅದೇ ವರ್ಷ ಗೋಶೆನ್ ಕಾಲೇಜು ಪಂಗಡದೊಳಗಿನ ತೀವ್ರ ಭಿನ್ನಾಭಿಪ್ರಾಯಗಳ ನಡುವೆ ಬಾಗಿಲು ಮುಚ್ಚಿತ್ತು. 1924ರಲ್ಲಿ ಅದು ಹೊಸ ಅಧ್ಯಾಪಕರೊಂದಿಗೆ ಮತ್ತೆ ತೆರೆದಾಗ ಬೆಂಡರ್ ಅಲ್ಲಿಗೆ ಬಂದರು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಬಂದ ವರ್ಷವೇ ಮೆನ್ನೊನೈಟ್ ಐತಿಹಾಸಿಕ ಸಂಘವನ್ನು ಕಟ್ಟಿದರು. 1927ರಲ್ಲಿ 'ಮೆನ್ನೊನೈಟ್ ಕ್ವಾರ್ಟರ್ಲಿ ರಿವ್ಯೂ' ಎಂಬ ತ್ರೈಮಾಸಿಕವನ್ನು ಆರಂಭಿಸಿ, ಸಾಯುವವರೆಗೂ ಅದರ ಸಂಪಾದಕರಾಗಿದ್ದರು.

ಈ ಎರಡು ಕೆಲಸಗಳ ಮಹತ್ವ ಆಗ ಎಷ್ಟು ಜನರಿಗೆ ಕಂಡಿತ್ತೋ ತಿಳಿಯದು, ಆದರೆ ಇಂದು ಹಿಂದಿರುಗಿ ನೋಡಿದರೆ ಅವರ ಪುಸ್ತಕಗಳಿಗಿಂತ ಇವೇ ದೊಡ್ಡವು ಎಂಬುದು ನನ್ನ ಅಭಿಪ್ರಾಯ. ಒಂದು ಸಣ್ಣ ಕಾಲೇಜಿನಿಂದ ಹೊರಡುವ ಸಣ್ಣ ಪತ್ರಿಕೆಯಲ್ಲಿ, ಪಂಗಡದ ಒಳಗಿನವರು ಹೊರಗಿನವರು ಎಂಬ ಭೇದವಿಲ್ಲದೆ, ಮೂಲ ದಾಖಲೆಗಳ ಅನುವಾದಗಳೂ ಸಂಶೋಧನೆಯ ಲೇಖನಗಳೂ ವರ್ಷ ವರ್ಷ ಬರತೊಡಗಿದವು. ನಾಜಿಗಳ ಕೈಯಿಂದ ಪಾರಾಗಿ ವಿಯೆನ್ನಾದಿಂದ ಬಂದ, ಯೆಹೂದಿ ಮನೆತನದ ವಿದ್ವಾಂಸ ರಾಬರ್ಟ್ ಫ್ರೀಡ್‌ಮನ್ ಅವರಿಗೆ ಅಮೆರಿಕದಲ್ಲಿ ನೆಲೆ ಸಿಕ್ಕಿದ್ದೂ ಗೋಶೆನ್‌ನಲ್ಲಿಯೇ. ಹಟರೈಟರ ಕೈಬರಹದ ಗ್ರಂಥಗಳನ್ನು ಅವರಷ್ಟು ಬಲ್ಲವರು ಆಗ ವಿರಳ.

ಡಾಕ್ಟರೇಟಿಗಾಗಿ ಬೆಂಡರ್ ಆರಿಸಿಕೊಂಡ ವಿಷಯ ಕಾನ್ರಾಡ್ ಗ್ರೇಬೆಲ್‌ನ ಜೀವನ. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯ 1935ರಲ್ಲಿ ಪದವಿ ನೀಡಿತು. ಗ್ರಂಥ ಅಚ್ಚಾದದ್ದು 1950ರಲ್ಲಿ. ನಡುವಿನ ಹದಿನೈದು ವರ್ಷಗಳು ಸೋಮಾರಿತನದಲ್ಲಿ ಕಳೆದವುಗಳಲ್ಲ. 1930ರಲ್ಲಿ ಜರ್ಮನಿಯಲ್ಲಿದ್ದಾಗಲೇ, ಸೋವಿಯತ್ ರಷ್ಯದಿಂದ ತಪ್ಪಿಸಿಕೊಂಡು ಬಂದಿದ್ದ ಮೆನ್ನೊನೈಟ್ ನಿರಾಶ್ರಿತರನ್ನು ಪರಾಗ್ವೆಯಲ್ಲಿ ನೆಲೆಗೊಳಿಸುವ ಮಾತುಕತೆಯ ಹೊಣೆ ಅವರ ಮೇಲೆ ಬಿತ್ತು. 1931ರಿಂದ ಕಾಲೇಜಿನ ಡೀನ್, 1944ರಿಂದ ಅಲ್ಲಿನ ದೇವಶಾಸ್ತ್ರ ಸೆಮಿನರಿಯ ಡೀನ್, ಯುದ್ಧಕಾಲದಲ್ಲಿ ಶಾಂತಿ ಸಮಿತಿಯ ಕೆಲಸ, ಯುದ್ಧಾನಂತರ ಯುರೋಪಿನ ಪರಿಹಾರ ಕಾರ್ಯ, 1952ರಿಂದ ಮೆನ್ನೊನೈಟ್ ವಿಶ್ವ ಸಮ್ಮೇಳನದ ಅಧ್ಯಕ್ಷತೆ. ಒಬ್ಬ ಸಂಶೋಧಕನು ಮೇಜಿನ ಮುಂದೆ ಕಳೆಯಬೇಕಾದ ವರ್ಷಗಳನ್ನು ಇವೆಲ್ಲ ನುಂಗಿದವು. ಅವರು ಬರೆಯಬಹುದಾಗಿದ್ದ ಎಷ್ಟೋ ಪುಸ್ತಕಗಳು ಹುಟ್ಟಲಿಲ್ಲ ಎಂಬ ಕೊರಗು ನನಗೆ ಇದೆ. ಆದರೆ 1955ರಿಂದ 1959ರ ನಡುವೆ ನಾಲ್ಕು ಸಂಪುಟಗಳಲ್ಲಿ ಹೊರಬಂದ 'ಮೆನ್ನೊನೈಟ್ ಎನ್‌ಸೈಕ್ಲೋಪೀಡಿಯಾ'ದ ಮುಂದೆ ಆ ಕೊರಗು ಸ್ವಲ್ಪ ಹಗುರಾಗುತ್ತದೆ. ಜರ್ಮನಿಯಲ್ಲಿ 1913ರಿಂದ ಕಂತು ಕಂತಾಗಿ ಬರುತ್ತಿದ್ದ ಒಂದು ವಿಶ್ವಕೋಶವನ್ನು ಆಧಾರವಾಗಿಟ್ಟುಕೊಂಡು, ಅದನ್ನು ವಿಸ್ತರಿಸಿ, ತಿದ್ದಿ, ಇಂಗ್ಲಿಷಿಗೆ ತಂದ ಆ ಕೆಲಸದಲ್ಲಿ ಜರ್ಮನ್ ಲೇಖನಗಳ ಅನುವಾದದ ಬಹುಭಾಗವನ್ನು ಹೊತ್ತವರು ಎಲಿಜಬೆತ್. ಬೆಂಡರ್ ಅವರ ವೃತ್ತಿಜೀವನವನ್ನು ಹೇಳುವಾಗ ಈ ಹೆಸರನ್ನು ಬಿಟ್ಟರೆ ಅರ್ಧ ಮಾತ್ರ ಹೇಳಿದಂತೆ. 1962ರ ಸೆಪ್ಟೆಂಬರ್ 21ರಂದು ಬೆಂಡರ್ ತೀರಿಕೊಂಡರು.

ಪ್ರಶ್ನೆ: ಅವರ 1943ರ ಒಂದು ಭಾಷಣ ಬಹಳ ಪ್ರಸಿದ್ಧವೆಂದು ಓದಿದ್ದೇನೆ. ಅದರಲ್ಲಿ ಅಂಥದ್ದೇನಿತ್ತು?

ಉತ್ತರ: ಅಮೆರಿಕದ ಚರ್ಚ್ ಇತಿಹಾಸ ಸಂಘದ ಅಧ್ಯಕ್ಷರಾಗಿ ಬೆಂಡರ್ 1943ರ ಡಿಸೆಂಬರಿನಲ್ಲಿ ಮಾಡಿದ ಭಾಷಣ ಅದು, 'ದಿ ಅನಾಬ್ಯಾಪ್ಟಿಸ್ಟ್ ವಿಷನ್' ಎಂಬ ಹೆಸರಿನಲ್ಲಿ ಮರುವರ್ಷ ಅಚ್ಚಾಯಿತು. ಅಲ್ಲಿಯವರೆಗೆ ವಿಶ್ವವಿದ್ಯಾಲಯಗಳ ಪಾಠಗಳಲ್ಲಿ ಅನಾಬ್ಯಾಪ್ಟಿಸ್ಟರೆಂದರೆ ಕ್ಯಾಥೊಲಿಕ್ ಚರ್ಚಿನಿಂದ ಪ್ರೊಟೆಸ್ಟಂಟ್ ಪಂಥಗಳು ಬೇರೆಯಾದ ಮತಸುಧಾರಣೆಯ ಅಂಚಿನಲ್ಲಿ ಕಾಣಿಸಿಕೊಂಡ ಉನ್ಮತ್ತರು, ದಂಗೆಕೋರರು. ಆ ಸುಧಾರಣೆಯ ಮುಂದಾಳುಗಳಾದ ಜರ್ಮನಿಯ ಲೂಥರನೂ ಜ್ಯೂರಿಕ್‌ನ ಜ್ವಿಂಗ್ಲಿಯೂ ಕೊಟ್ಟ ಚಿತ್ರವನ್ನೇ ನಾಲ್ಕು ಶತಮಾನಗಳ ಕಾಲ ಇತಿಹಾಸಕಾರರು ನಕಲು ಮಾಡುತ್ತ ಬಂದಿದ್ದರು. ಬೆಂಡರ್ ಅದನ್ನು ತಿರುಗಿಸಿ ಹೇಳಿದರು: ಲೂಥರ್ ಮತ್ತು ಜ್ವಿಂಗ್ಲಿ ಆರಂಭಿಸಿ ಅರ್ಧಕ್ಕೆ ನಿಲ್ಲಿಸಿದ ಸುಧಾರಣೆಯನ್ನು ಅದರ ಕೊನೆಯವರೆಗೆ ಕೊಂಡೊಯ್ದವರು ಇವರೇ. ಇವರ ದರ್ಶನದ ತಿರುಳು ಮೂರು ಸಂಗತಿಗಳಲ್ಲಿದೆ ಎಂದರು: ಕ್ರಿಸ್ತನನ್ನು ನಂಬುವುದೆಂದರೆ ದಿನನಿತ್ಯದ ಬದುಕಿನಲ್ಲಿ ಅವನ ಹಿಂದೆ ನಡೆಯುವುದು, ಸಭೆಯೆಂದರೆ ಹುಟ್ಟಿನಿಂದ ಬಂದ ಸದಸ್ಯತ್ವವಾಗಿರದೆ ಒಪ್ಪಿ ಬಂದವರ ಸೋದರತ್ವ, ಮತ್ತು ಯುದ್ಧವನ್ನೂ ಬಲಪ್ರಯೋಗವನ್ನೂ ಬಿಟ್ಟ ಪ್ರೀತಿ.

ಈ ಮಾತುಗಳನ್ನು ಅವರು ಆಡಿದ ಕಾಲವನ್ನು ಮರೆಯಬಾರದು. ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಸೈನ್ಯಕ್ಕೆ ಸೇರಲು ಮನಸ್ಸಾಕ್ಷಿ ಒಪ್ಪದವರಿಗಾಗಿ ಅಮೆರಿಕ ಸರ್ಕಾರ ನಾಗರಿಕ ಸೇವಾ ಶಿಬಿರಗಳನ್ನು ತೆರೆದಿತ್ತು; ಅವುಗಳಲ್ಲಿ ಒಟ್ಟು ಸುಮಾರು 12,000 ಮಂದಿ ಅರಣ್ಯಗಳಲ್ಲಿ, ಮಾನಸಿಕ ಆಸ್ಪತ್ರೆಗಳಲ್ಲಿ, ಹೊಲಗಳಲ್ಲಿ ದುಡಿದರು. ಆದರೆ ಕರೆ ಬಂದ ಮೆನ್ನೊನೈಟ್ ಯುವಕರಲ್ಲಿ ಈ ದಾರಿ ಹಿಡಿದವರು ಅರ್ಧಕ್ಕಿಂತ ಕಡಿಮೆ, ಉಳಿದವರು ಒಂದಲ್ಲ ಒಂದು ರೂಪದಲ್ಲಿ ಸೈನ್ಯ ಸೇರಿದರು. ನಾನೂರು ವರ್ಷಗಳಿಂದ ಖಡ್ಗ ಹಿಡಿಯೆವು ಎಂದು ಹೇಳಿಕೊಂಡು ಬಂದ ಜನರ ನಡುವೆ ಆ ಮಾತು ಸಡಿಲಾಗುತ್ತಿದ್ದುದನ್ನು ಬೆಂಡರ್ ಹತ್ತಿರದಿಂದ ಕಾಣುತ್ತಿದ್ದರು. ಆದ್ದರಿಂದ ಆ ಭಾಷಣದ ಎದುರಿಗೆ ಇದ್ದವರು ಚರ್ಚ್ ಇತಿಹಾಸದ ಪ್ರಾಧ್ಯಾಪಕರಾದರೂ, ಅದು ಮುಟ್ಟಬೇಕಾಗಿದ್ದವರು ಅವರದೇ ಪಂಗಡದ ಯುವಜನರೆಂದು ನನಗೆ ತೋರುತ್ತದೆ. ಇತಿಹಾಸಕಾರನು ಸತ್ತವರ ಪರವಾಗಿ ಮಾತನಾಡುತ್ತ ಬದುಕಿರುವವರನ್ನು ಕರೆಯುತ್ತಿದ್ದನು. ಭಾಷಣದ ಶಕ್ತಿಯೂ ದೌರ್ಬಲ್ಯವೂ ಅಲ್ಲಿಯೇ ಇದೆ, ಮುಂದಿನ ಪ್ರಶ್ನೆಗಳಲ್ಲಿ ಅದಕ್ಕೆ ಮರಳುತ್ತೇನೆ.

ಪ್ರಶ್ನೆ: ಅನಾಬ್ಯಾಪ್ಟಿಸ್ಟರ ಬಗ್ಗೆ ಉಳಿದಿರುವ ದಾಖಲೆಗಳೆಲ್ಲ ಅವರನ್ನು ಕೊಂದವರೇ ಬರೆದವೆಂದು ಹೇಳಿದ್ದಿರಿ. ಹಾಗಾದರೆ ಅವುಗಳನ್ನು ನಂಬಿ ಇತಿಹಾಸ ಬರೆಯುವುದು ಹೇಗೆ?

ಉತ್ತರ: ಎಲ್ಲವೂ ಹಾಗಲ್ಲ. ಪತ್ರಗಳಿವೆ, ಹಾಡುಗಳಿವೆ, ಜೈಲಿನಿಂದ ಮನೆಯವರಿಗೆ ಬರೆದ ಕೊನೆಯ ಮಾತುಗಳಿವೆ. ಗ್ರೇಬೆಲ್‌ನದೇ ಸುಮಾರು 70 ಪತ್ರಗಳು ಉಳಿದಿವೆ, ಅವುಗಳಲ್ಲಿ ಬಹುಪಾಲು ಸಾಂಕ್ಟ್ ಗಾಲೆನ್ ನಗರದ ವಿದ್ವಾಂಸನೂ ತನ್ನ ಭಾವನೂ ಆದ ವಾದಿಯಾನಸ್‌ಗೆ ಬರೆದವು. ಭಾವ ಮೈದುನರು ಕೊನೆಗೆ ಎದುರಾಳಿಗಳಾದರೂ ವಾದಿಯಾನಸ್ ಆ ಕಾಗದಗಳನ್ನು ಜೋಪಾನವಾಗಿಟ್ಟನು. ಬೆಂಡರ್ ಅವರ ಗ್ರಂಥ ನಿಂತಿರುವುದು ಆ ಜೋಪಾನದ ಮೇಲೆ.

ಆದರೆ ಸಾಮಾನ್ಯ ಅನಾಬ್ಯಾಪ್ಟಿಸ್ಟರು, ಎಂದರೆ ನೇಕಾರರು, ಚಮ್ಮಾರರು, ರೈತರು, ಮನೆಗೆಲಸದ ಹೆಂಗಸರು ನಮಗೆ ಸಿಗುವುದು ವಿಚಾರಣೆಯ ಕಡತಗಳಲ್ಲಿಯೇ. ನಗರ ಸಭೆಯ ಗುಮಾಸ್ತನು ಪ್ರಶ್ನೆಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಉತ್ತರಗಳನ್ನು ಬರೆದುಕೊಳ್ಳುತ್ತಿದ್ದನು: ನಿನಗೆ ದೀಕ್ಷಾಸ್ನಾನ ಮಾಡಿಸಿದವರು ಯಾರು, ಎಲ್ಲಿ, ಯಾರ ಮನೆಯಲ್ಲಿ ತಂಗಿದ್ದೆ, ಇನ್ನು ಯಾರು ಯಾರು ಇದ್ದರು. ಒಮ್ಮೆ ಹಿಂಸೆ ಕೊಡದೆ ಕೇಳಿದ್ದು, ಮತ್ತೊಮ್ಮೆ ಹಿಂಸಾಯಂತ್ರಕ್ಕೆ ಕಟ್ಟಿ ಕೇಳಿದ್ದು. ಇಂಥ ಹೇಳಿಕೆಯನ್ನು ಓದುವವನು ಮೂರು ಧ್ವನಿಗಳನ್ನು ಬೇರ್ಪಡಿಸಬೇಕಾಗುತ್ತದೆ. ಪ್ರಶ್ನೆ ಕೇಳಿದ ಅಧಿಕಾರಿಗೆ ದಂಗೆಯ ಭಯ, ಅವನ ಪ್ರಶ್ನೆಗಳು ಆ ಭಯದ ಆಕಾರದಲ್ಲಿವೆ. ಬರೆದುಕೊಂಡ ಗುಮಾಸ್ತನು ಉಪಭಾಷೆಯ ಮಾತನ್ನು ಕಚೇರಿಯ ಜರ್ಮನ್‌ಗೆ ಒಗ್ಗಿಸುತ್ತಾನೆ. ಉತ್ತರಿಸಿದವನು ಸ್ನೇಹಿತರನ್ನು ಉಳಿಸಲು ಸತ್ತವರ, ಇಲ್ಲವೇ ಈಗಾಗಲೇ ಊರು ಬಿಟ್ಟವರ ಹೆಸರನ್ನೇ ಹೇಳುತ್ತಿರಬಹುದು. ಬಾಲ್ತಜಾರ್ ಹುಬ್‌ಮೈಯರ್‌ನಂಥ ದೇವಶಾಸ್ತ್ರದ ಡಾಕ್ಟರನೇ 1526ರಲ್ಲಿ ಜ್ಯೂರಿಕ್‌ನ ಹಿಂಸೆಯನ್ನು ತಾಳಲಾರದೆ ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡನು. ಎರಡು ವರ್ಷಗಳ ನಂತರ ವಿಯೆನ್ನಾದಲ್ಲಿ ಹಿಂತೆಗೆಯದೆ ಬೆಂಕಿಗೆ ಸಿಕ್ಕಿದನು. ಯಾವ ಹೇಳಿಕೆ ನಿಜವಾದ ಹುಬ್‌ಮೈಯರ್‌ನದು ಎಂದು ಕೇಳಿದರೆ, ಎರಡೂ ಎಂದು ಉತ್ತರಿಸುವ ಧೈರ್ಯ ಇತಿಹಾಸಕಾರನಿಗೆ ಬೇಕು.

ಇಷ್ಟಾದರೂ ಈ ಕಡತಗಳಿಗೆ ಸಮನಾದ ಆಕರ ಬೇರೊಂದಿಲ್ಲ. ಹದಿನಾರನೆಯ ಶತಮಾನದ ಒಬ್ಬ ಕೂಲಿಯಾಳು ದೇವರ ಬಗ್ಗೆ, ಆಸ್ತಿಯ ಬಗ್ಗೆ, ರಾಜನ ಬಗ್ಗೆ ಏನೆಂದುಕೊಂಡಿದ್ದನೆಂದು ಬರೆದಿಡುವ ಅಗತ್ಯ ಬೇರೆ ಯಾರಿಗೂ ಕಂಡಿರಲಿಲ್ಲ. ಜರ್ಮನ್ ಮತ್ತು ಸ್ವಿಸ್ ವಿದ್ವಾಂಸರು ಈ ಕಡತಗಳನ್ನು ಪ್ರಾಂತ ಪ್ರಾಂತವಾಗಿ ಅಚ್ಚು ಮಾಡುತ್ತ ಬಂದರು. ಜರ್ಮನ್ ಮಾಲೆಯಲ್ಲಿ ವ್ಯುರ್ಟೆಂಬರ್ಗ್‌ನ ಸಂಪುಟ 1930ರಲ್ಲಿ ಬಂತು, ಜ್ಯೂರಿಕ್‌ನ ಸಂಪುಟ 1952ರಲ್ಲಿ. ಬೆಂಡರ್ ಅವರಿಗೆ ತಾವು ಆರಂಭಿಸಿದಾಗ ಈ ಸಂಪುಟಗಳಲ್ಲಿ ಒಂದೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಅವರ ಚಿತ್ರದಲ್ಲಿನ ಕೆಲವು ಖಾಲಿ ಜಾಗಗಳಿಗೆ ಅದೂ ಒಂದು ಕಾರಣ.

ಪ್ರಶ್ನೆ: ಬೆಂಡರ್ ಸ್ವತಃ ಮೆನ್ನೊನೈಟ್. ತನ್ನ ಪೂರ್ವಿಕರ ಚರಿತ್ರೆಯನ್ನು ತಾನೇ ಬರೆದವನು ನಿಷ್ಪಕ್ಷಪಾತಿಯಾಗಿರಲು ಸಾಧ್ಯವೇ? ಮ್ಯೂನ್‌ಸ್ಟರ್‌ನ ರಕ್ತಪಾತವನ್ನು ಅವರು ಬದಿಗೆ ತಳ್ಳಿದರೆಂಬ ಆರೋಪ ನಿಜವೇ?

ಉತ್ತರ: ಆರೋಪ ನಿಜ. ಅದನ್ನು ಮರೆಮಾಚುವುದರಿಂದ ಬೆಂಡರ್ ಅವರಿಗೆ ಗೌರವ ಸಿಗುವುದಿಲ್ಲ.

ಮ್ಯೂನ್‌ಸ್ಟರ್‌ನಲ್ಲಿ ನಡೆದದ್ದು ಸಂಕ್ಷೇಪವಾಗಿ ಇಷ್ಟು. 1534ರ ಫೆಬ್ರವರಿಯಲ್ಲಿ ವಾಯವ್ಯ ಜರ್ಮನಿಯ ಆ ನಗರ ಅನಾಬ್ಯಾಪ್ಟಿಸ್ಟರ ಕೈಗೆ ಬಂತು. ಲೋಕಾಂತ್ಯ ಸಮೀಪಿಸಿದೆ, ಈ ನಗರವೇ ಹೊಸ ಜೆರೂಸಲೇಮ್ ಎಂದು ಹಾರ್ಲೆಮ್‌ನಿಂದ ಬಂದ ಯಾನ್ ಮಾಥೈಸ್ ಸಾರಿದನು. ಅವನು ಸತ್ತ ಮೇಲೆ ಲೈಡನ್‌ನ ಯಾನ್ ತಾನೇ ರಾಜನಾದನು. ಆಸ್ತಿ ಎಲ್ಲರದಾಯಿತು, ಬಹುಪತ್ನಿತ್ವ ಜಾರಿಗೆ ಬಂತು, ಎದುರು ಮಾತಾಡಿದವರ ತಲೆ ಉರುಳಿತು. ಹೊರಗೆ ಬಿಷಪ್ಪನ ಸೈನ್ಯ ಮುತ್ತಿಗೆ ಹಾಕಿತ್ತು, ಒಳಗೆ ಹಸಿವು. 1535ರ ಜೂನ್‌ನಲ್ಲಿ ನಗರ ಬಿದ್ದಿತು. ಮುಂದಿನ ಜನವರಿಯಲ್ಲಿ ಯಾನ್ ಮತ್ತು ಇನ್ನಿಬ್ಬರನ್ನು ಕಾಯಿಸಿದ ಇಕ್ಕಳಗಳಿಂದ ಹಿಂಸಿಸಿ ಕೊಂದು, ಹೆಣಗಳನ್ನು ಕಬ್ಬಿಣದ ಪಂಜರಗಳಲ್ಲಿ ಸಂತ ಲ್ಯಾಂಬರ್ಟ್ ಚರ್ಚಿನ ಗೋಪುರಕ್ಕೆ ತೂಗುಹಾಕಿದರು. ಆ ಪಂಜರಗಳು ಇಂದಿಗೂ ಅಲ್ಲಿವೆ.

ಶತಮಾನಗಳ ಕಾಲ ಅನಾಬ್ಯಾಪ್ಟಿಸ್ಟ್ ಎಂದೊಡನೆ ಎಲ್ಲರಿಗೂ ನೆನಪಾಗುತ್ತಿದ್ದುದು ಈ ಪಂಜರಗಳೇ. ಬೆಂಡರ್ ಅದಕ್ಕೆ ಉತ್ತರವಾಗಿ, ನಿಜವಾದ ಅನಾಬ್ಯಾಪ್ಟಿಸಂ ಜ್ಯೂರಿಕ್‌ನಲ್ಲಿ ಹುಟ್ಟಿದ ಶಾಂತಿವಾದಿ ಧಾರೆ ಮಾತ್ರ, ಮ್ಯೂನ್‌ಸ್ಟರ್ ಅದರ ಹೊರಗಿನ ವಿಕೃತಿ ಎಂದರು. ಗ್ರೇಬೆಲ್‌ನಿಂದ 1527ರ ಶ್ಲೈಟ್‌ಹೈಮ್‌ನ ಸಭೆಯಲ್ಲಿ ಸ್ವಿಸ್ ಅನಾಬ್ಯಾಪ್ಟಿಸ್ಟರು ಒಪ್ಪಿಕೊಂಡ ಏಳು ವಿಧಿಗಳಿಗೆ, ಅಲ್ಲಿಂದ ಮೆನ್ನೊ ಸೈಮನ್ಸ್‌ಗೆ, ಅಲ್ಲಿಂದ ಇಂದಿನ ಸಭೆಗಳಿಗೆ ಒಂದೇ ಗೆರೆ. ಇದು ಸುಂದರವಾದ ಗೆರೆ. ಆದರೆ ದಾಖಲೆಗಳು ಅದನ್ನು ಒಪ್ಪುವುದಿಲ್ಲ. ಮೆನ್ನೊನೈಟರಿಗೆ ಹೆಸರು ಕೊಟ್ಟ ಮೆನ್ನೊ ಸೈಮನ್ಸ್‌ನನ್ನೇ ನೋಡಿ. ಅವನು ಕ್ಯಾಥೊಲಿಕ್ ಪಾದ್ರಿತನ ಬಿಟ್ಟು ಹೊರಬಂದದ್ದು 1536ರ ಜನವರಿಯಲ್ಲಿ, ಮ್ಯೂನ್‌ಸ್ಟರ್ ಬಿದ್ದ ಮೇಲೆ, ಚದುರಿ ಹೋಗಿದ್ದ ಅಮಾಯಕರ ಗೋಳನ್ನು ಕಂಡು. ಅವನು ಸೇರಿದ ಗುಂಪಿನ ಮುಖಂಡ ಓಬೆ ಫಿಲಿಪ್ಸ್‌ಗೆ ದೀಕ್ಷಾಸ್ನಾನ ಮಾಡಿಸಿದ್ದವರು ಯಾನ್ ಮಾಥೈಸ್‌ನ ದೂತರು. ಓಬೆ ಮುಂದೆ ತಾನೇ ಬರೆದ ನಿವೇದನೆಯಲ್ಲಿ ಇದನ್ನು ನೋವಿನಿಂದ ಹೇಳಿಕೊಂಡಿದ್ದಾನೆ. ಎಂದರೆ ಮ್ಯೂನ್‌ಸ್ಟರ್‌ನ ಕೊಲೆಗಡುಕರೂ ಮೆನ್ನೊನ ಶಾಂತಿಪ್ರಿಯರೂ ಮೆಲ್ಕಿಯೋರ್ ಹಾಫ್‌ಮನ್ ಎಂಬ ಒಬ್ಬನೇ ಬೋಧಕನಿಂದ ಹೊರಟ ಒಂದೇ ಹೊಳೆಯ ಎರಡು ಕವಲುಗಳು. ಈ ನಂಟು ಮೆನ್ನೊನನ್ನು ಕುಗ್ಗಿಸುವುದಿಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ. ಸ್ವಂತ ಮನೆಯೊಳಗಿನ ಹಿಂಸೆಯನ್ನು ಕಂಡು ಅದರಿಂದ ಜನರನ್ನು ಹೊರಗೆ ಕರೆತಂದವನು, ಹಿಂಸೆಯ ಸೋಂಕೇ ಇಲ್ಲದ ಕುಲದಲ್ಲಿ ಹುಟ್ಟಿದವನಿಗಿಂತ ಹೆಚ್ಚಿನ ಕೆಲಸ ಮಾಡಿದ್ದಾನೆ.

ಸ್ವಿಟ್ಜರ್ಲೆಂಡಿನ ಕವಲೂ ಬೆಂಡರ್ ಬರೆದಷ್ಟು ಶುದ್ಧವಾಗಿರಲಿಲ್ಲ. ಗ್ರೇಬೆಲ್ ಮತ್ತು ಗೆಳೆಯರು 1524ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಬಂಡಾಯಗಾರ ಬೋಧಕ ಥಾಮಸ್ ಮ್ಯುಂಟ್ಸರ್‌ಗೆ ಬರೆದ ಪತ್ರದಲ್ಲಿ ಖಡ್ಗ ಬೇಡವೆಂದು ಹೇಳಿದ್ದು ನಿಜ. ಆದರೆ ಅದೇ ಚಳವಳಿಯ ಹುಬ್‌ಮೈಯರ್ ವಾಲ್ಡ್ಸ್‌ಹುಟ್ ಎಂಬ ಊರಿನ ನೂರಾರು ಜನರಿಗೆ ದೀಕ್ಷಾಸ್ನಾನ ಮಾಡಿಸಿ, ರೈತರ ಬಂಡಾಯದೊಂದಿಗೆ ಕೈಜೋಡಿಸಿದ್ದನು, ಮತ್ತು ಕ್ರೈಸ್ತನು ಅಧಿಕಾರಿಯಾಗಿ ಖಡ್ಗ ಹಿಡಿಯಬಹುದೆಂದು 1527ರಲ್ಲಿ ಪುಸ್ತಕವನ್ನೇ ಬರೆದನು. ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದ ಜೇಮ್ಸ್ ಸ್ಟೇಯರ್ 1972ರಲ್ಲಿ ಪ್ರಕಟಿಸಿದ 'ಅನಾಬ್ಯಾಪ್ಟಿಸ್ಟ್ಸ್ ಅಂಡ್ ದಿ ಸೋರ್ಡ್' ಗ್ರಂಥ ಈ ಎಲ್ಲ ಭಿನ್ನ ನಿಲುವುಗಳನ್ನು ಸಾಲಾಗಿ ಬಿಡಿಸಿಟ್ಟಿತು. ಅದೇ ವರ್ಷ ಕ್ಲಾಸ್ ಪೀಟರ್ ಕ್ಲಾಸೆನ್ ಕಡತಗಳಲ್ಲಿ ಸಿಕ್ಕ ಹೆಸರುಗಳನ್ನು ಒಂದೊಂದಾಗಿ ಎಣಿಸಿ ಸಾಮಾಜಿಕ ಇತಿಹಾಸವನ್ನು ಬರೆದರು. ಸ್ವಿಟ್ಜರ್ಲೆಂಡ್, ದಕ್ಷಿಣ ಮತ್ತು ಮಧ್ಯ ಜರ್ಮನಿ, ಆಸ್ಟ್ರಿಯ ಮತ್ತು ಮೊರಾವಿಯಾಗಳಲ್ಲಿ 1525ರಿಂದ 1618ರವರೆಗೆ ಖಚಿತವಾಗಿ ಇಲ್ಲವೇ ಬಹುಮಟ್ಟಿಗೆ ನಡೆದಿರಬಹುದಾದ ಎಂಟುನೂರಕ್ಕೂ ಹೆಚ್ಚು ಮರಣದಂಡನೆಗಳನ್ನು ಅವರು ಲೆಕ್ಕ ಹಾಕಿದರು. ಜನಪ್ರಿಯ ಕಥನಗಳು ಹೇಳುತ್ತಿದ್ದ ಸಂಖ್ಯೆಗಳಿಗಿಂತ ಇದು ಬಹಳ ಕಡಿಮೆ. ಹಾಗೆಂದು ಎಂಟುನೂರು ಸಾವುಗಳು ಚಿಕ್ಕವಾಗುವುದಿಲ್ಲ.

1975ರಲ್ಲಿ ಸ್ಟೇಯರ್, ವರ್ನರ್ ಪಾಕುಲ್ ಮತ್ತು ಕ್ಲಾಸ್ ಡೆಪ್ಪರ್‌ಮನ್ ಒಟ್ಟಾಗಿ ಬರೆದ ಲೇಖನವೊಂದು ಬೆಂಡರ್ ಅವರ ಒಂದೇ ಮೂಲದ ಸಿದ್ಧಾಂತವನ್ನು ಮುರಿಯಿತು. ಅನಾಬ್ಯಾಪ್ಟಿಸಂ ಒಂದು ಕಡೆ ಹುಟ್ಟಿ ಹರಡಿದ್ದಲ್ಲ. ಸ್ವಿಟ್ಜರ್ಲೆಂಡ್, ದಕ್ಷಿಣ ಜರ್ಮನಿ ಮತ್ತು ಆಸ್ಟ್ರಿಯ, ಉತ್ತರ ಜರ್ಮನಿ ಮತ್ತು ನೆದರ್ಲೆಂಡ್ಸ್ ಎಂಬ ಮೂರು ನೆಲೆಗಳಲ್ಲಿ ಮೂರು ಬೇರೆ ಬೇರೆ ಕಾರಣಗಳಿಂದ ಹುಟ್ಟಿತು ಎಂದು ಅವರು ತೋರಿಸಿದರು. ಈ ಲೇಖನ ಅಚ್ಚಾದ ಪತ್ರಿಕೆ ಯಾವುದೆಂದು ಹೇಳಿದರೆ ನಿಮ್ಮ ಪ್ರಶ್ನೆಗೆ ನಾನು ಕೊಡಬಹುದಾದ ಅತ್ಯುತ್ತಮ ಉತ್ತರ ಸಿಗುತ್ತದೆ: ಬೆಂಡರ್ 1927ರಲ್ಲಿ ಸ್ಥಾಪಿಸಿದ 'ಮೆನ್ನೊನೈಟ್ ಕ್ವಾರ್ಟರ್ಲಿ ರಿವ್ಯೂ'. ನಿಷ್ಪಕ್ಷಪಾತವನ್ನು ಒಬ್ಬ ವ್ಯಕ್ತಿಯ ಮನಸ್ಸಿನಲ್ಲಿ ಹುಡುಕುವುದಕ್ಕಿಂತ, ಅವನು ಕಟ್ಟಿದ್ದರಲ್ಲಿ ಅವನನ್ನು ತಿದ್ದುವ ಅವಕಾಶ ಇತ್ತೇ ಎಂದು ನೋಡುವುದು ಹೆಚ್ಚು ನ್ಯಾಯವೆಂದು ನಾನು ತಿಳಿದಿದ್ದೇನೆ. ಪ್ರೀತಿಯಿಂದ ಬರೆದವನು ತಪ್ಪಿದನು. ಆದರೆ ಆ ಪ್ರೀತಿಯಿಂದಲೇ ಕಾಗದಗಳನ್ನು ಕೂಡಿಟ್ಟದ್ದರಿಂದ ತಪ್ಪು ಬೆಳಕಿಗೆ ಬಂತು.

ಟೀಕೆ ಹೊರಗಿನಿಂದ ಮಾತ್ರ ಬರಲಿಲ್ಲ ಎಂಬುದನ್ನೂ ಸೇರಿಸುತ್ತೇನೆ. 1952ರಲ್ಲಿಯೇ ಆಮ್ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ಕೆಲವು ಅಮೆರಿಕದ ಮೆನ್ನೊನೈಟ್ ಯುವಕರು, ಅವರಲ್ಲಿ ಬೆಂಡರ್ ಶಿಷ್ಯರೂ ಇದ್ದರು, ಗುರುಗಳು ಅನಾಬ್ಯಾಪ್ಟಿಸ್ಟ್ ದರ್ಶನವನ್ನು ಸಾರುತ್ತಲೇ ಸಮಿತಿಗಳ, ಕಚೇರಿಗಳ ಒಂದು ಪಂಗಡವನ್ನು ಕಟ್ಟುತ್ತಿದ್ದಾರೆ, ಎರಡೂ ಒಟ್ಟಿಗೆ ಹೋಗವು ಎಂದು ಪ್ರಶ್ನಿಸತೊಡಗಿದರು. ಶಿಷ್ಯರು ಗುರುವಿನ ಭಾಷಣವನ್ನು ಗುರುವಿಗಿಂತ ಗಂಭೀರವಾಗಿ ತೆಗೆದುಕೊಂಡರೆನ್ನಬಹುದು.

ಪ್ರಶ್ನೆ: ಈ ಚರಿತ್ರೆಯಲ್ಲಿ ಹೆಂಗಸರು ಎಲ್ಲಿದ್ದಾರೆ?

ಉತ್ತರ: ಕಡತಗಳಲ್ಲಿ ಮೊದಲಿನಿಂದಲೂ ಇದ್ದಾರೆ, ಪುಸ್ತಕಗಳಿಗೆ ತಡವಾಗಿ ಬಂದರು. ಬೆಂಡರ್ ಮತ್ತು ಅವರ ತಲೆಮಾರಿನವರು ಮುಖಂಡರ ಚರಿತ್ರೆ ಬರೆದರು, ಮುಖಂಡರೆಂದರೆ ಬಹುಮಟ್ಟಿಗೆ ಓದು ಬರಹ ಬಲ್ಲ ಗಂಡಸರು. ಆದರೆ ಗುಟ್ಟಾಗಿ ಸಭೆ ಸೇರಿದ ಮನೆಗಳನ್ನು ನಡೆಸಿದವರು, ಸುದ್ದಿ ಹೊತ್ತವರು, ಅಡಗಿದವರಿಗೆ ಅನ್ನ ಹಾಕಿದವರು ಹೆಂಗಸರು. ರಾಟರ್‌ಡ್ಯಾಮ್‌ನಲ್ಲಿ 1539ರಲ್ಲಿ ನೀರಿಗೆ ಮುಳುಗಿಸಿ ಕೊಲ್ಲಲ್ಪಟ್ಟ ಅನ್ನಾ ಯಾನ್ಸ್ ವಧಾಸ್ಥಾನಕ್ಕೆ ನಡೆಯುವಾಗ, ಇನ್ನೂ ಎರಡು ವರ್ಷವೂ ತುಂಬದ ತನ್ನ ಮಗನನ್ನು ಸಾಕಲು ಒಪ್ಪುವವರು ಯಾರಾದರೂ ಇದ್ದಾರೆಯೇ ಎಂದು ಗುಂಪನ್ನು ಕೇಳಿದಳೆಂದೂ, ಒಬ್ಬ ರೊಟ್ಟಿ ಮಾಡುವವನು ಮಗುವನ್ನು ಎತ್ತಿಕೊಂಡನೆಂದೂ ಹೇಳುತ್ತಾರೆ. ಮಗನಿಗಾಗಿ ಅವಳು ಬಿಟ್ಟ ಪತ್ರ ಹುತಾತ್ಮರ ಸಂಕಲನಗಳಲ್ಲಿ ಉಳಿದು ಬಂದಿದೆ. 1996ರಲ್ಲಿ ಅರ್ನಾಲ್ಡ್ ಸ್ನೈಡರ್ ಮತ್ತು ಲಿಂಡಾ ಹ್ಯೂಬರ್ಟ್ ಹೆಕ್ಟ್ ಸಂಪಾದಿಸಿದ ಗ್ರಂಥವೊಂದು ಇಂಥ ಹೆಂಗಸರ ಬದುಕುಗಳನ್ನು ಒಟ್ಟಿಗೆ ತಂದಿತು. ಅದಕ್ಕೆ ಎಪ್ಪತ್ತು ವರ್ಷ ಮೊದಲೇ ಇದು ಆಗಬಹುದಿತ್ತು ಎಂದು ನನಗೆ ಅನಿಸುತ್ತದೆ.

ಪ್ರಶ್ನೆ: ನಾನು ಇತಿಹಾಸದ ವಿದ್ಯಾರ್ಥಿನಿ. ಈ ಕ್ಷೇತ್ರದಲ್ಲಿ ಸಂಶೋಧನೆ ಮಾಡಬೇಕೆಂದರೆ ಏನನ್ನು ಕಲಿಯಬೇಕು?

ಉತ್ತರ: ಮೊದಲು ಭಾಷೆ. ಇಂದಿನ ಜರ್ಮನ್ ತಿಳಿದರೆ ಸಾಲದು. ಹದಿನಾರನೆಯ ಶತಮಾನದ ಜರ್ಮನ್ ಪ್ರಾಂತಕ್ಕೊಂದು ಬಗೆ, ಗುಮಾಸ್ತನಿಗೊಂದು ಕಾಗುಣಿತ. ವಿದ್ಯಾವಂತರ ಪತ್ರಗಳಿಗೆ ಲ್ಯಾಟಿನ್, ಮೆನ್ನೊ ಮತ್ತು ಓಬೆಯರಿಗೆ ಹಳೆಯ ಡಚ್ ಬೇಕು. ಕೈಬರಹವನ್ನು ಓದುವ ಅಭ್ಯಾಸಕ್ಕೆ ಎರಡು ವರ್ಷಗಳಾದರೂ ತಾಳ್ಮೆಯಿಂದ ಕುಳಿತುಕೊಳ್ಳಬೇಕಾಗುತ್ತದೆ. ಗೋಶೆನ್‌ನ ಗ್ರಂಥಾಲಯ, ಕಾನ್ಸಾಸ್‌ನ ಬೆಥೆಲ್ ಕಾಲೇಜು, ಕೆನಡಾದ ವಾಟರ್ಲೂ ನಗರದಲ್ಲಿ ಗ್ರೇಬೆಲ್ ಹೆಸರಿನಲ್ಲಿಯೇ ಇರುವ ಕಾಲೇಜು, ಆಮ್ಸ್ಟರ್‌ಡ್ಯಾಮ್‌ನ ಸಂಗ್ರಹ, ಇವು ಮುಖ್ಯ ಕೇಂದ್ರಗಳು. ಬೆಂಡರ್ ಅವರ ವಿಶ್ವಕೋಶದ ಲೇಖನಗಳು ಈಗ ಅಂತರಜಾಲದಲ್ಲಿ ಎಲ್ಲರಿಗೂ ಮುಕ್ತವಾಗಿವೆ. ಅಲ್ಲಿಂದ ಆರಂಭಿಸಿ, ಆದರೆ ಪ್ರತಿ ಲೇಖನವನ್ನೂ ಯಾವ ವರ್ಷ ಬರೆದದ್ದೆಂದು ನೋಡಿಕೊಂಡು ಓದಿ. ಈ ಚಳವಳಿಯ ಅನುಯಾಯಿಯಾಗಿರಬೇಕೆಂಬ ನಿಯಮವೇನೂ ಇಲ್ಲ, ಸ್ಟೇಯರ್ ಹೊರಗಿನವರೇ.

ಪ್ರಶ್ನೆ: ಅವರನ್ನು ಕೊಂದ ಜಾಗಗಳಲ್ಲಿ ಏನಾದರೂ ಸ್ಮಾರಕ ಇದೆಯೇ?

ಉತ್ತರ: ಜ್ಯೂರಿಕ್‌ನಲ್ಲಿ ಇದೆ. ಮರುದೀಕ್ಷೆ ಮಾಡಿಸುವವರನ್ನು ನೀರಿನಲ್ಲಿ ಮುಳುಗಿಸಬೇಕೆಂದು ಆ ನಗರದ ಸಭೆ 1526ರ ಮಾರ್ಚ್‌ನಲ್ಲಿ ಆಜ್ಞೆ ಮಾಡಿತ್ತು. 1527ರ ಜನವರಿ 5ರಂದು ಫೀಲಿಕ್ಸ್ ಮಾಂಟ್ಸ್ ಎಂಬುವನ ಕೈಗಳನ್ನು ಮೊಣಕಾಲುಗಳಿಗೆ ಬಿಗಿದು, ನಡುವೆ ಕೋಲು ತೂರಿಸಿ, ಲಿಮ್ಮಾಟ್ ನದಿಗೆ ತಳ್ಳಿದರು. ಗ್ರೇಬೆಲ್ ಅದಕ್ಕೆ ಮೊದಲೇ, 1526ರ ಬೇಸಿಗೆಯಲ್ಲಿ, ತಲೆಮರೆಸಿಕೊಂಡಿದ್ದಾಗ ಪ್ಲೇಗಿನಿಂದ ಸತ್ತಿದ್ದನು. 2004ರ ಜೂನ್‌ನಲ್ಲಿ ಜ್ಯೂರಿಕ್‌ನ ಜ್ವಿಂಗ್ಲಿ ಪರಂಪರೆಯ ರಿಫಾರ್ಮ್ಡ್ ಚರ್ಚ್ ಈ ಹಿಂಸೆಗಾಗಿ ಪಶ್ಚಾತ್ತಾಪ ವ್ಯಕ್ತಪಡಿಸಿತು, ಮತ್ತು ನದಿಯ ದಂಡೆಯಲ್ಲಿ ಒಂದು ಕಲ್ಲಿನ ಫಲಕವನ್ನು ಇಡಲಾಯಿತು. 1527ರಿಂದ 1532ರ ನಡುವೆ ಮಾಂಟ್ಸ್‌ನನ್ನೂ ಇತರ ಐವರನ್ನೂ ಇಲ್ಲಿ ಮುಳುಗಿಸಿ ಕೊಲ್ಲಲಾಯಿತು, ಜ್ಯೂರಿಕ್‌ನಲ್ಲಿ ಕೊನೆಯದಾಗಿ ಕೊಲ್ಲಲ್ಪಟ್ಟವನು 1614ರಲ್ಲಿ ಹಾನ್ಸ್ ಲಾಂಡಿಸ್ ಎಂದು ಅದು ಹೇಳುತ್ತದೆ. ಐವರ ಹೆಸರುಗಳು ಆ ಕಲ್ಲಿನ ಮೇಲಿಲ್ಲ. ಅವರಲ್ಲಿ ಯಾಕೊಬ್ ಫಾಲ್ಕ್ ಮತ್ತು ಹೈನಿ ರೈಮನ್ 1528ರ ಸೆಪ್ಟೆಂಬರಿನಲ್ಲಿ ಒಂದೇ ದಿನ ಸತ್ತವರು, ಕಾನ್ರಾಡ್ ವಿಂಕ್ಲರ್ 1530ರಲ್ಲಿ. ಅವರ ವಿಚಾರಣೆಯ ಹೇಳಿಕೆಗಳನ್ನು ನಗರದ ಗುಮಾಸ್ತನು ಬರೆದುಕೊಂಡಿದ್ದನು. 1952ರ ಸಂಪುಟದಲ್ಲಿ ಅವು ಅಚ್ಚಾಗಿವೆ.